ಸಿಕ್ಸ್ಟನ್ ಕನಾರಿಗೆ ಹೋದದ್ದು

ಸ್ವೀಡನ್ನಿನ ನಮ್ಮ ಯೆವ್ಲೆ ಊರಿನಲ್ಲಿ ಕೊಲೆ ಮಾಡಿದವನನ್ನಾದರೂ ಕ್ಷಮಿಸಿಯಾರು, ಜಂಬ ಕೊಚ್ಚಿಕೊಂಡವನನ್ನು ಕ್ಷಮಿಸುವವರಿಲ್ಲ. ಕೊಲೆಗಾರನಿಗೆ ಜೈಲಿನಲ್ಲಿ ಬಿಸಿ ಕಾಫಿ, ಏಲಕ್ಕಿ ಬನ್ನು ಕೊಟ್ಟು, ಮನಸ್ಸಿಗೇನಾದರೂ ಬೇಜಾರಿದೆಯಾ ಎಂದು ವಿಚಾರಿಸುತ್ತಾರೆ. ಜಂಬದವನಿಗೆ ಏನೂ ಮಾಡುವುದಿಲ್ಲ. ಉಸಿರನ್ನು ಒಳಕ್ಕೆಳೆದುಕೊಂಡು ‘ಹೂಂ’ ಅನ್ನುತ್ತಾರೆ, ಅಷ್ಟೆ. ಆ ‘ಹೂಂ’ ತಗುಲಿಸಿಕೊಂಡವನು ಮತ್ತೆ ಚೇತರಿಸಿಕೊಂಡದ್ದನ್ನು ನಾನಂತೂ ಕಂಡಿಲ್ಲ. ಇದು ಯಾವ ಪುಸ್ತಕದಲ್ಲೂ ಬರೆಯದ ಕಾನೂನು. ಬರೆದ ಕಾನೂನಾಗಿದ್ದರೆ ವಕೀಲರಾದರೂ ಸಿಗುತ್ತಿದ್ದರು.

ಸಿಕ್ಸ್ಟನ್ ಫಾಗರ್ಲುಂಡನಿಗೆ ಇದೆಲ್ಲ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅರವತ್ತು ದಾಟಿದ ಒಂಟಿ ಗಂಡಸು, ನೀರಿನ ಮೀಟರು ನೋಡುವ ಕೆಲಸದಿಂದ ನಿವೃತ್ತನಾದವನು, ಕೆಂಪು ಇಟ್ಟಿಗೆಯ ಆ ಕಟ್ಟಡದ ಮೊದಲ ಮಹಡಿಯಲ್ಲಿ ಅರ್ಧ ಆಯುಷ್ಯ ಕಳೆದವನು. ಅವನ ಮೇಲೆ ಒಂದೇ ಒಂದು ದೂರಿರಲಿಲ್ಲ. ಮನೆಯಿಂದ ಹೊರಡುವ ಮುಂಚೆ ಎಲ್ಲರಂತೆ ಅವನೂ ಬಾಗಿಲಿಗೆ ಕಿವಿ ಹಚ್ಚಿ ಕೇಳುತ್ತಿದ್ದ. ಮೆಟ್ಟಿಲ ಮೇಲೆ ಯಾರದಾದರೂ ಹೆಜ್ಜೆ ಕೇಳಿಸಿದರೆ, ಅವರು ಹೋಗುವವರೆಗೂ ಬೂಟು ಹಾಕಿಕೊಂಡು, ಟೋಪಿ ಇಟ್ಟುಕೊಂಡು, ಬಾಗಿಲ ಹಿಂದೆ ನಿಂತಿರುತ್ತಿದ್ದ. ಎದುರಾದರೆ ಮಾತಾಡಬೇಕಾಗುತ್ತದಲ್ಲ! ನೆರೆಹೊರೆಯವರಿಗೆ ಅಂಥ ತೊಂದರೆ ಕೊಡುವುದು ಸಭ್ಯಸ್ಥರ ಲಕ್ಷಣವೇ? ಹೀಗೆ ಯಾರನ್ನೂ ನೋಡದೆ, ಯಾರಿಗೂ ಕಾಣದೆ ಬದುಕಿ ಅವನು ಒಳ್ಳೆಯವನೆಂಬ ಹೆಸರು ಸಂಪಾದಿಸಿದ್ದ.

ಆ ಹೆಸರು ಮಣ್ಣುಪಾಲಾದದ್ದು ಅಂಗಳ ಗುಡಿಸುವ ದಿನ. ಚಳಿ ಶುರುವಾಗುವ ಮುಂಚೆ ಒಂದು ಭಾನುವಾರ ಕಟ್ಟಡದವರೆಲ್ಲ ಸೇರಿ ಎಲೆ ಗುಡಿಸಿ, ಸಾಸೇಜು ಸುಟ್ಟು ತಿನ್ನುವುದು ಪದ್ಧತಿ. ಬಾರದಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಮುಂದಿನ ಹತ್ತು ವರ್ಷ ಅದನ್ನು ನೆನಪಿಟ್ಟುಕೊಳ್ಳುತ್ತಾರೆ. ಸಂಘದ ಅಧ್ಯಕ್ಷೆ ಹಿಲ್ಲೆವಿ ಕೈಯಲ್ಲಿ ಕಾಫಿ ಹಿಡಿದು, “ಯಾರಿಗಾದ್ರೂ ಅನ್ನಿಸಿದ್ರೆ, ಅನ್ನಿಸಿದ್ರೆ ಮಾತ್ರ, ಆ ಮೂಲೆ ಎಲೆ ಕೂಡ ತೆಗೀಬಹುದೇನೋ” ಎಂದು ನಯವಾಗಿ ಹೇಳುತ್ತಿದ್ದಳು. ಹಾಗೆ ಅಂದದ್ದೇ ತಡ, ಮೂರು ಜನ ಎದ್ದುಬಿದ್ದು ಆ ಮೂಲೆಗೆ ಓಡಿದರು.

ಕೆಳಮನೆಯ ಬೋರ್ಯೆ ಎಲೆ ಬಾಚುವ ಕುಂಟೆಗೆ ಒರಗಿ ನಿಂತು ನಿಟ್ಟುಸಿರುಬಿಟ್ಟ. “ಜನವರೀಲಿ ನಾವು ಸ್ವಲ್ಪ ಥಾಯ್ಲೆಂಡ್ ಕಡೆ ಹೋಗ್ತೀವೇನೋ. ಏನಿಲ್ಲ, ಹೀಗೇ. ಹೋಟ್ಲು ಸಾಧಾರಣದ್ದೇ. ಸೊಳ್ಳೆ ಕಾಟ ಬೇರೆಯಂತೆ. ಹವೆ ಹೇಗಿರತ್ತೋ ಏನು ಕರ್ಮವೋ.”

ನೋಡಿ, ಜಂಬ ಕೊಚ್ಚುವ ಸರಿಯಾದ ಕ್ರಮ ಇದು. ಹೊರಟದ್ದು ಸ್ವರ್ಗಕ್ಕೇ ಆದರೂ ಅಲ್ಲಿ ಸೆಕೆ ಎಂದು ಗೊಣಗಬೇಕು. ಎಲ್ಲರೂ ಬೋರ್ಯೆಗೆ ಮರುಕ ತೋರಿಸಿದರು. ಸಿಕ್ಸ್ಟನ್ನನಿಗೆ ಮಾತ್ರ ಅದೇನು ಮಂಕು ಕವಿಯಿತೋ, ಯಾರೂ ಕೇಳದೆ ಬಾಯಿಬಿಟ್ಟ.

“ನಾನೂ ಹೋಗ್ತಿದ್ದೀನಿ! ಕನಾರಿ ದ್ವೀಪಕ್ಕೆ! ಎರಡು ವಾರ! ಸಮುದ್ರದ ಎದುರಿಗೇ ರೂಮು, ಬಾಲ್ಕನಿ ಬೇರೆ. ಭಾರಿ ಹೋಟ್ಲು!”

ಕುಂಟೆಗಳು ನಿಂತವು. ಭಾರಿ! ಆ ಅಂಗಳದಲ್ಲಿ ಆ ಪದ ಯಾರ ಬಾಯಿಂದಲೂ ಬಂದದ್ದಿಲ್ಲ. ಹಿಲ್ಲೆವಿ ಬಾವುಟದ ಕಂಬವನ್ನು ನೋಡಿದಳು. ಬೋರ್ಯೆ ತನ್ನ ನಾಯಿಯನ್ನು ನೋಡಿದ. ಆಮೇಲೆ ಒಬ್ಬೊಬ್ಬರಾಗಿ ಉಸಿರು ಒಳಕ್ಕೆಳೆದುಕೊಂಡು, “ಹೂಂ” ಅಂದರು.

ಅನ್ನದೆ ಉಳಿದವಳು ಒಬ್ಬಳೇ, ಎದುರುಮನೆಗೆ ಹೊಸದಾಗಿ ಬಂದ ಇರಾನಿನ ಶಹ್ಲಾ. ಆಸ್ಪತ್ರೆಯಲ್ಲಿ ನರ್ಸು, ಐವತ್ತರ ಆಸುಪಾಸಿನ ವಿಧವೆ, ಗಂಟಲು ಜೋರು. ಅವಳು ಸಾಸೇಜು ಬಿಟ್ಟು ಬಂದು ಸಿಕ್ಸ್ಟನ್ನನ ಎರಡೂ ತೋಳು ಹಿಡಿದು ಅಲುಗಾಡಿಸಿದಳು. “ಅಯ್ಯೋ, ಸಿಕ್ಸ್ಟನ್ ಜಾನ್, ನನ್ನ ಜೀವವೇ! ಎಷ್ಟು ಸಂತೋಷ ಆಯ್ತು ಗೊತ್ತಾ ನಂಗೆ! ನಿನ್ನ ಜೀವಕ್ಕೆ ನನ್ನ ಜೀವ! ಒಬ್ನೇ ಹೋಗ್ತೀಯಾ? ಯಾಕೆ ಒಬ್ನೇ?”

ಸಿಕ್ಸ್ಟನ್ನನಿಗೆ ಕಿವಿಯವರೆಗೂ ಕೆಂಪೇರಿತು. ಇದಕ್ಕಿಂತ ‘ಹೂಂ’ ವಾಸಿ ಅನ್ನಿಸಿತು.

ಹೊರಡುವ ದಿನ ಅವನು ಪೆಟ್ಟಿಗೆ ಎಳೆದುಕೊಂಡು ಮೆಟ್ಟಿಲಿಳಿಯುತ್ತಿದ್ದಾಗ ಶಹ್ಲಾ ಬಾಗಿಲು ತೆಗೆದು, ಬಟ್ಟಲಿನ ತುಂಬ ನೀರು ತಂದು ಅವನ ಹಿಂದೆ ಮೆಟ್ಟಿಲ ಮೇಲೆ ದಬದಬ ಸುರಿದಳು. ಹೋದವರು ಸುಖವಾಗಿ ಬೇಗ ಹಿಂತಿರುಗಲಿ ಎಂದು ಅವಳ ಕಡೆ ಹಾಗೆ ಮಾಡುತ್ತಾರಂತೆ. ಸದ್ದು ಕೇಳಿ ಹಿಲ್ಲೆವಿ ಇಣುಕಿದಳು, ನೀರನ್ನು ನೋಡಿದಳು, ಏನೂ ಮಾತಾಡದೆ ಒಳಗಿನಿಂದ ಒರೆಸುವ ಬಟ್ಟೆ ತಂದು ಒರೆಸಿದಳು. ಅವಳು ಒರೆಸಿದ ರೀತಿಯಲ್ಲೇ ಎಂಟು ಪುಟದ ಬೈಗುಳವಿತ್ತು. ಶಹ್ಲಾ ಮಾತ್ರ, ನೆರೆಯವಳು ಎಷ್ಟು ಸಹಾಯ ಮಾಡುತ್ತಾಳಪ್ಪ ಎಂದು ಸಂತೋಷಪಟ್ಟಳು.

ನೀರು ಸುರಿದದ್ದು ಅತಿಯಾಗಿ ಫಲಿಸಿತು. ವಿಮಾನ ನಿಲ್ದಾಣದ ಹುಡುಗಿ ಸಿಕ್ಸ್ಟನ್ನನ ಪಾಸ್‌ಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿ, “ಇದರ ಅವಧಿ ಮುಗಿದು ಬಹಳ ದಿನ ಆಯ್ತಲ್ಲ” ಅಂದಳು. ತಪ್ಪು ಅವನದೇ ಆದರೂ ಕ್ಷಮೆ ಕೇಳಿದವಳು ಅವಳು. ಇವನೂ ಕ್ಷಮೆ ಕೇಳಿದ. ಹಿಂದೆ ನಿಂತವರ ಕ್ಷಮೆಯನ್ನೂ ಕೇಳಿ, ಪೆಟ್ಟಿಗೆ ಎಳೆದುಕೊಂಡು ಅದೇ ರೈಲಿನಲ್ಲಿ ವಾಪಸು ಹೊರಟ.

ಬಂದವನು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಪಾಸ್‌ಪೋರ್ಟು ಹಳೇದಾಗಿತ್ತು ಕಣ್ರಪ್ಪ, ನಾನೊಬ್ಬ ಪೆದ್ದ, ಅಷ್ಟೆ. ಆದರೆ ‘ಭಾರಿ ಹೋಟ್ಲು’ ಅಂದ ನಾಲಗೆಯಲ್ಲಿ ಅದನ್ನು ಹೇಳುವುದು ಹೇಗೆ? ಜಂಬ ಕೊಚ್ಚಿದ್ದೊಂದು ಪಾಪ, ಕೊಚ್ಚಿಯೂ ಕನಾರಿಗೆ ಹೋಗದೆ ಉಳಿದದ್ದು ಇನ್ನೊಂದು. ಗೊತ್ತಾದರೆ ಈ ಕಟ್ಟಡದಲ್ಲಿ ಮತ್ತೆ ತಲೆ ಎತ್ತುವಂತಿಲ್ಲ. ರೈಲಿನಲ್ಲಿ ಕೂತು ಆ ಮಹಾನುಭಾವ ತೀರ್ಮಾನಿಸಿದ: ಎರಡು ವಾರ ಮನೆಯಲ್ಲೇ ಅಡಗಿರುವುದು, ಆಮೇಲೆ ಕನಾರಿಯಿಂದ ಬಂದವನಂತೆ ಬರುವುದು. ನವೆಂಬರಿನ ಕೃಪೆಯಿಂದ ಮಧ್ಯಾಹ್ನದ ಕಾಫಿ ಹೊತ್ತಿಗೇ ಊರು ಕತ್ತಲಾಗಿತ್ತು. ಕಳ್ಳನಂತೆ ಮೆಟ್ಟಿಲು ಹತ್ತಿ ತನ್ನ ಮನೆಗೆ ತಾನೇ ನುಗ್ಗಿದ.

ಅಲ್ಲಿಂದ ಅವನ ವನವಾಸ. ನಡೆಯುವುದಿದ್ದರೆ ಉಣ್ಣೆಯ ಕಾಲುಚೀಲದಲ್ಲಿ, ತುದಿಗಾಲಲ್ಲಿ. ಹಗಲಲ್ಲಿ ಕಕ್ಕಸಿಗೆ ನೀರು ಬಿಡುವಂತಿಲ್ಲ. ದೀಪ ಹಾಕುವಂತಿಲ್ಲ, ಆದರೆ ಊರಿಗೆ ಹೋಗುವವರೆಲ್ಲ ಮಾಡುವಂತೆ ಕಿಟಕಿಯ ದೀಪಕ್ಕೆ ಅವನೂ ಗಡಿಯಾರ ಕಟ್ಟಿಟ್ಟಿದ್ದ. ಸಂಜೆಯಾದರೆ ಅದು ತನ್ನಷ್ಟಕ್ಕೆ ಹೊತ್ತಿಕೊಳ್ಳುವುದು. ಆರಿಸಿದರೆ ಹೊರಗಿನವರಿಗೆ ಗೊತ್ತಾಗುತ್ತದೆ, ಉರಿದರೆ ಇವನ ನೆರಳು ಕಾಣುತ್ತದೆ. ಹಾಗಾಗಿ ಸಂಜೆಯೆಲ್ಲ ಸಿಕ್ಸ್ಟನ್ ತನ್ನ ನಡುಮನೆಯಲ್ಲಿ ಅಂಬೆಗಾಲಿಟ್ಟು ಓಡಾಡಿದ. ಊಟಕ್ಕೆ ಒಣ ರೊಟ್ಟಿ, ಅದರ ಮೇಲೆ ಟ್ಯೂಬಿನಿಂದ ಹಿಂಡಿದ ಮೀನಿನ ಮೊಟ್ಟೆಯ ಗೊಜ್ಜು. ಒಣ ರೊಟ್ಟಿ ಕಡಿದರೆ ಸದ್ದಾಗುತ್ತದೆಂದು ಅದನ್ನು ನೀರಲ್ಲಿ ನೆನೆಹಾಕಿ ಚೀಪುತ್ತಿದ್ದ. ಸಮುದ್ರದ ಎದುರಿನ ಭಾರಿ ಹೋಟೆಲಿನ ಊಟ ಇದು.

ಹತ್ತು ದಿನ ಕಳೆದಿರಬೇಕು, ಬೆಳಿಗ್ಗೆ ಕಿಟಕಿಯ ಕೆಳಗಿಂದ ಒಂದು ಕಣ್ಣು ಮೇಲೆತ್ತಿ ನೋಡಿದರೆ ಅಂಗಳದ ಬಾವುಟ ಅರ್ಧ ಕಂಬಕ್ಕಿಳಿದಿದೆ. ಕಟ್ಟಡದಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದರ್ಥ. ಸಿಕ್ಸ್ಟನ್ ಮರುಗಿದ. ಯಾರಿರಬಹುದು? ಮೂರನೇ ಮಹಡಿಯ ಅಜ್ಜಿಯೇ? ಕೆಮ್ಮುತ್ತಿದ್ದ ಮೇಷ್ಟ್ರೇ? ಯಾರೇ ಆಗಲಿ, ಒಳ್ಳೆಯವರು, ಒಂದು ದಿನವೂ ಮಾತಾಡಿಸಿ ತೊಂದರೆ ಕೊಟ್ಟವರಲ್ಲ. ಇದ್ದಲ್ಲೇ ಮೊಣಕಾಲೂರಿ ಸ್ವಲ್ಪ ಹೊತ್ತು ತಲೆ ತಗ್ಗಿಸಿದ. ಆಮೇಲೆ, ಬಾಗಿಲಿನಲ್ಲಿ ಅಂಚೆ ಹಾಕುವ ಸೀಳಿಗೆ ಕಿವಿ ಹಚ್ಚಿದರೆ ವಿಷಯ ತಿಳಿದೀತು ಎಂದು ತೆವಳಿಕೊಂಡು ಹೋದ.

ಹೊರಗೆ ಹಿಲ್ಲೆವಿಯ ದನಿ, ಬೋರ್ಯೆಯ ದನಿ. ಇಬ್ಬರೂ ಪಿಸುಗುಡುತ್ತಿದ್ದರು.

“ಗುರುವಾರ ಸಂಜೆ ಬಟ್ಟೆ ಒಗೆಯೋ ಸರದಿ ಖಾಲಿ ಆಯ್ತಲ್ಲ ಅಂತ...” ಬೋರ್ಯೆ ರಾಗ ಎಳೆದ. “ಈಗ್ಲೇ ಕೇಳೋದು ಸರಿಯಲ್ಲ. ಆದ್ರೂ ಕೇಳ್ತಿಲ್ಲ ಅಂತ ಅಲ್ಲ.”

ಸಿಕ್ಸ್ಟನ್ ಕಿವಿಯನ್ನು ಸೀಳಿಗೆ ಇನ್ನಷ್ಟು ಒತ್ತಿದ. ಗುರುವಾರ ಸಂಜೆಯ ಸರದಿ ಅವನದು! ಕಟ್ಟಡಕ್ಕೆಲ್ಲ ಇದ್ದದ್ದು ಒಂದೇ ಒಗೆಯುವ ಕೋಣೆ, ಅದರಲ್ಲಿ ಎಲ್ಲರೂ ಕಣ್ಣಿಟ್ಟಿದ್ದ ಸರದಿ, ಅದು ಕೈಗೆ ಬರಲು ಅವನು ಮುಕ್ಕಾಲು ಯೌವನ ಕಾದಿದ್ದ.

“ಪಾಪ, ಸಿಕ್ಸ್ಟನ್,” ಅಂದಳು ಹಿಲ್ಲೆವಿ. “ಒಣಗಿಸೋ ಯಂತ್ರದಲ್ಲಿ ಕೂತ ನೂಲಿನ ಧೂಳನ್ನ ಯಾವಾಗ್ಲೂ ತೆಗೆದು ಇಡ್ತಿದ್ದ. ಇಂಥವ್ರು ಈಗೆಲ್ಲಿ ಸಿಗ್ತಾರೆ?”

“ಈಜೋಕೆ ಬರ್ತಿರ್ಲಿಲ್ವೇನೋ.”

“ನಾನೇನೂ ಹೇಳ್ತಿಲ್ಲಪ್ಪ. ಕನಾರೀಲಿ ಸ್ವೀಡನ್ನಿನ ಗಂಡಸು, ಅರವತ್ತರ ಆಸುಪಾಸು, ಸಮುದ್ರಕ್ಕಿಳಿದವ್ನು ಬರ್ಲಿಲ್ಲ ಅಂತ ಸುದ್ದೀಲಿ ಬಂತು. ಅಷ್ಟೇ ನಾನು ಹೇಳಿದ್ದು.”

“ನಾನೂ ಅಷ್ಟೇ. ‘ಓ, ಕನಾರೀಲಾ?’ ಅಂದೆ. ಇನ್ನೇನೂ ಅನ್ಲಿಲ್ಲ.”

“ಸತ್ತ ಅಂದಿದ್ದು ಶಹ್ಲಾ. ಅಷ್ಟು ಜೋರಾಗಿ ಅತ್ಲಲ್ಲ, ಆಮೇಲೆ ಅಲ್ಲ ಅನ್ನೋಕಾಗತ್ತಾ? ಎದುರುವಾದ ಮಾಡ್ದ ಹಾಗಾಗಲ್ವಾ?”

ಹೀಗೆ ನಮ್ಮ ಕಡೆಯ ಇಬ್ಬರು ಏನೂ ಹೇಳದೆ, ಆ ಕಡೆಯವಳೊಬ್ಬಳು ಎಲ್ಲವನ್ನೂ ಹೇಳಿ, ಮೂವರೂ ಸೇರಿ ಸಿಕ್ಸ್ಟನ್ನನನ್ನು ಸಾಯಿಸಿದ್ದರು. ಅವನ ಅಕ್ಕ ಉಮಿಯೋ ಊರಿನಲ್ಲಿದ್ದಾಳೆ, ಅವಳಿಗೊಂದು ಫೋನು ಮಾಡಿ ಕೇಳೋಣ ಎಂದು ಶಹ್ಲಾ ಅಂದದ್ದಕ್ಕೆ ಹಿಲ್ಲೆವಿ ಹೌಹಾರಿದ್ದಳು: ಛೆ, ಛೆ, ದುಃಖದಲ್ಲಿರುವವರಿಗೆ ಫೋನು ಮಾಡುವುದೇ? ಖಾಸಗಿ ವಿಷಯ!

ಈಗ ಸಿಕ್ಸ್ಟನ್ ಮಾಡಬೇಕಾದದ್ದಿಷ್ಟೆ. ಬಾಗಿಲು ತೆಗೆದು, ‘ಬದುಕಿದ್ದೀನ್ರಪ್ಪಾ’ ಅನ್ನಬೇಕು. ಚಿಲಕಕ್ಕೆ ಕೈ ಹಾಕಿಯೂ ಹಾಕಿದ. ಆದರೆ ‘ಮನೆಯಲ್ಲೇ ಏನು ಮಾಡ್ತಿದ್ದೆ?’ ಎಂದು ಕೇಳಿದರೆ? ಕೇಳುವುದಿಲ್ಲ ಬಿಡಿ, ಕೇಳದೆ ‘ಹೂಂ’ ಅಂದುಬಿಟ್ಟರೆ? ಸುಳ್ಳುಗಾರನಾಗಿ ಬದುಕುವುದೋ, ಒಳ್ಳೆಯವನಾಗಿ ಸತ್ತಿರುವುದೋ? ಚಿಲಕದಿಂದ ಕೈ ತೆಗೆದ. ಅಲ್ಲದೆ ಮೆಟ್ಟಿಲ ಮೇಲೆ ಜನ ಬೇರೆ ಇದ್ದರಲ್ಲ, ಅವರು ಹೋಗಲಿ ಎಂದು ಕಾಯುವುದೇ ಸರಿಯಾದ ನಡವಳಿಕೆ.

ಆಗ ಹಿಲ್ಲೆವಿ ಅಂದಳು: “ಭಾನುವಾರ ಕೆಳಗಡೆ ಕೋಣೇಲಿ ಅವನ ನೆನಪಿಗೆ ಕಾಫಿ ಇಟ್ಕೊಳ್ಳೋಣ. ಬನ್ನು ನಾನೇ ಮಾಡ್ತೀನಿ. ಅದಾದ್ಮೇಲೆ ಕೀಲಿಯವನನ್ನ ಕರೆಸಿ ಮನೆ ತೆಗೆಸೋಣ. ಹೂವಿನ ಗಿಡ ಒಣಗ್ತಿರ್ತವೆ.”

ಸಿಕ್ಸ್ಟನ್ ತೆವಳಿಕೊಂಡು ಹಿಂದೆ ಸರಿದ. ಸತ್ತವನಾಗಿಯೇ ಇರುತ್ತೇನೆ ಎಂದರೂ ಬಿಡುವವರಲ್ಲ. ಬಾಗಿಲು ತೆಗೆದಾಗ ಹೆಣವೇ ಅಂಬೆಗಾಲಿಟ್ಟು ಎದುರು ಬಂದರೆ! ಭಾನುವಾರದ ಒಳಗೆ ಹೇಗಾದರೂ ಹೊರಗೆ ಬಿದ್ದು, ವಿಮಾನದಿಂದ ಇಳಿದು ಬಂದವನಂತೆ ಪೆಟ್ಟಿಗೆ ಎಳೆದುಕೊಂಡು ಬರಬೇಕು. ಬದುಕಿದ್ದಕ್ಕೆ ಬದುಕಿದ ಹಾಗೂ ಆಯಿತು, ಮಾನಕ್ಕೆ ಮಾನವೂ ಉಳಿಯಿತು.

ಆದರೆ ಹೊರಗೆ ಬೀಳುವುದು ಹೇಗೆ? ಶಹ್ಲಾ ಅವನ ಬಾಗಿಲ ಎದುರಿಗೇ ಮೆಟ್ಟಿಲ ಮೇಲೆ ಠಿಕಾಣಿ ಹೂಡಿದ್ದಳು. ಕೆಲಸದಿಂದ ಬಂದವಳು ಸೀದಾ ಅಲ್ಲಿ ಕೂತು, ಮೇಣದ ಬತ್ತಿ ಹಚ್ಚಿ, ಫೋನನ್ನು ಮುಖದೆದುರು ಹಿಡಿದು ತನ್ನೂರು ಇಸ್ಫಹಾನಿನ ನೆಂಟರೊಂದಿಗೆ ಗೋಳಾಡುತ್ತಿದ್ದಳು. ಅವಳಿಲ್ಲದ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಬೇರೆ ಯಾರದಾದರೂ ಹೆಜ್ಜೆ ತಪ್ಪುತ್ತಿರಲಿಲ್ಲ.

“ಇಲ್ಲ ಚಿಕ್ಕಮ್ಮಾ, ಅಣ್ಣನ ಹಾಗಿದ್ದ! ಏನು ಮಾತು, ಏನು ನಗು! ನಾನಂದ್ರೆ ಪ್ರಾಣ ಬಿಡ್ತಿದ್ದ!”

ಸೀಳಿನ ಹಿಂದೆ ಕೂತ ಸಿಕ್ಸ್ಟನ್ ತಬ್ಬಿಬ್ಬಾದ. ಅವನು ಆಕೆಗೆ ಒಟ್ಟಾರೆ ಹೇಳಿದ್ದು ‘ಹೇಯ್’ ಅನ್ನುವ ನಮ್ಮ ಕಡೆಯ ನಮಸ್ಕಾರವೊಂದೇ, ಅದೂ ತಪ್ಪಿಸಿಕೊಳ್ಳಲಾಗದೆ. ಇವಳು ಹೇಳುತ್ತಿರುವ ಸಿಕ್ಸ್ಟನ್ ಯಾರಪ್ಪಾ? ಅಂಥ ಮನುಷ್ಯ ಸತ್ತನಲ್ಲ ಎಂದು ಅವನಿಗೂ ದುಃಖ ಉಕ್ಕಿ ಬಂತು. ಮೂಗು ಸೀಟಿದರೆ ಕೇಳಿಸುತ್ತದೆಂದು ತೋಳಿನಲ್ಲಿ ಒರೆಸಿಕೊಂಡ.

ಭಾನುವಾರ ಬೆಳಿಗ್ಗೆಯೂ ಅವಳು ಕದಲಲಿಲ್ಲ. ಉಳಿದದ್ದು ಬಾಲ್ಕನಿ. ಸಿಕ್ಸ್ಟನ್ ಹೂಹೂ ಅಂಗಿ ತೊಟ್ಟು, ಹುಲ್ಲಿನ ಟೋಪಿ ಇಟ್ಟು, ಮೇಲೆ ಚಳಿಯ ಕೋಟು ಹಾಕಿಕೊಂಡು, ಪೆಟ್ಟಿಗೆಯನ್ನು ಹಾಸಿಗೆಯ ಹೊದಿಕೆಗೆ ಕಟ್ಟಿ ಕೆಳಗೆ ಬಿಟ್ಟ. ಪೆಟ್ಟಿಗೆ ನೆಲ ಮುಟ್ಟಿತು. ಮಾಲೀಕ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡ. ಕಂಬಿಗೆ ಕೋಟು ತಗುಲಿ, ಕಾಲು ಗಾಳಿಯಲ್ಲಿ ಒದ್ದಾಡುತ್ತ, ಬಾಯಲ್ಲಿ ಟೋಪಿ ಕಚ್ಚಿಕೊಂಡು ಆ ಅರವತ್ತರ ಯುವಕ ನೇತಾಡುತ್ತಿರುವಾಗ ಮೂಲೆಯಿಂದ ಬೋರ್ಯೆ ನಾಯಿ ಹಿಡಿದುಕೊಂಡು ಬಂದ.

ಇಬ್ಬರ ಕಣ್ಣೂ ಸೇರಿದವು. ನೇತಾಡುತ್ತಿದ್ದವನು ಸತ್ತವನು, ನೇತಾಡುತ್ತಿದ್ದದ್ದು ಸತ್ತವನ ಬಾಲ್ಕನಿಯಿಂದ, ಹಿಂದೆ ಬಾವುಟ ಅವನಿಗಾಗಿಯೇ ಅರ್ಧಕ್ಕಿಳಿದಿತ್ತು. ಬೇರೆ ಯಾವ ದೇಶದವನಾದರೂ ದೆವ್ವವೆಂದು ಕಿರುಚಿ ಮೂರ್ಛೆ ಹೋಗುತ್ತಿದ್ದ, ಇಲ್ಲವೇ ಕಳ್ಳನೆಂದು ಕಾಲು ಹಿಡಿದೆಳೆಯುತ್ತಿದ್ದ. ಕಡೆಗೆ ಏಣಿಯನ್ನಾದರೂ ತರುತ್ತಿದ್ದ.

“ಹೇಯ್,” ಅಂದ ಬೋರ್ಯೆ.

“ಹೇಯ್,” ಅಂದ ಸಿಕ್ಸ್ಟನ್, ಟೋಪಿ ಕಚ್ಚಿದ ಬಾಯಲ್ಲೇ.

ಬೋರ್ಯೆ ಮುಂದೆ ನಡೆದ. ನಾಯಿ ಮಾತ್ರ ಹಿಂತಿರುಗಿ ನೋಡಿತು. ಅದು ಚಿಕ್ಕಂದಿನಲ್ಲಿ ಸ್ಪೇನಿನಿಂದ ತಂದ ನಾಯಿ, ಸಂಸ್ಕಾರ ಸಾಲದು.

ಸಿಕ್ಸ್ಟನ್ ಪೊದೆಯ ಮೇಲೆ ಬಿದ್ದು, ಎದ್ದು, ಕಟ್ಟಡ ಸುತ್ತಿ, ಬಸ್ಸು ನಿಲ್ಲುವ ಜಾಗಕ್ಕೆ ಹೋಗಿ ನಿಂತ. ಒಂದು ಬಸ್ಸು ಬಂದು ಹೋಗುವವರೆಗೂ ಕಾದು, ಅದರಿಂದ ಇಳಿದವನ ಮುಖಮಾಡಿಕೊಂಡು, ಪೆಟ್ಟಿಗೆಯ ಚಕ್ರ ಗಡಗಡ ಸದ್ದಾಗುವ ಹಾಗೆ ಎಳೆಯುತ್ತ ಬಂದ.

ಕೆಳಗಿನ ಕೋಣೆಯಲ್ಲಿ ಕಟ್ಟಡದವರೆಲ್ಲ ಕೂತಿದ್ದರು. ಯಾರ ಪಕ್ಕದಲ್ಲಿ ಯಾರೂ ಕೂರದ ಹಾಗೆ ಒಂದೊಂದು ಕುರ್ಚಿ ಬಿಟ್ಟು ಕೂತಿದ್ದರು. ಮೇಜಿನ ಮೇಲೆ ಮೇಣದ ಬತ್ತಿ, ಪಕ್ಕದಲ್ಲಿ ಚೌಕಟ್ಟಿನಲ್ಲಿ ಒಂದು ಫೋಟೋ. ಸಿಕ್ಸ್ಟನ್ನನ ಫೋಟೋ ಯಾರ ಬಳಿಯೂ ಇರಲಿಲ್ಲ, ಅಂಗಳ ಗುಡಿಸುವ ದಿನ ಬೋರ್ಯೆಯ ನಾಯಿಯನ್ನು ತೆಗೆದ ಚಿತ್ರದಲ್ಲಿ ಇವನ ಮೊಣಕೈ ಬಂದಿತ್ತು. ಅದನ್ನೇ ದೊಡ್ಡದು ಮಾಡಿಸಿ ಇಟ್ಟಿದ್ದರು. ಎಲ್ಲರೂ ಆ ಮೊಣಕೈಯನ್ನು ಗಂಭೀರವಾಗಿ ನೋಡುತ್ತಿದ್ದರು.

ಬಾಗಿಲು ತೆರೆಯಿತು. ಪೆಟ್ಟಿಗೆ, ಹುಲ್ಲಿನ ಟೋಪಿ, ಅದರ ಕೆಳಗೆ ಸತ್ತವನು.

ಕಾಫಿ ಚಮಚಗಳು ನಿಂತವು. ಮೂರನೇ ಮಹಡಿಯ ಅಜ್ಜಿ ಮೊಣಕೈಯನ್ನೂ ಇವನನ್ನೂ ಒಂದೆರಡು ಸಲ ಹೋಲಿಸಿ ನೋಡಿದಳು.

“ಹೇಯ್,” ಅಂದ ಸಿಕ್ಸ್ಟನ್.

“ಹೇಯ್,” ಅಂದರು ಎಲ್ಲರೂ.

ಹಿಲ್ಲೆವಿ ಎದ್ದು ಇನ್ನೊಂದು ಬಟ್ಟಲು ತಂದಿಟ್ಟಳು. ಯಾರೋ ಕುರ್ಚಿ ಸರಿಸಿದರು. ಸಿಕ್ಸ್ಟನ್ ಬೂಟು ಬಿಚ್ಚಿ ಬಾಗಿಲ ಬಳಿ ಇಟ್ಟು ಬಂದು ಕೂತ. ಅಷ್ಟೆ. ಬದುಕಿದ್ದೀಯಾ, ಸತ್ತಿದ್ದೀಯಾ, ಎಲ್ಲಿಂದ ಬಂದೆ, ಒಂದು ಮಾತಿಲ್ಲ. ತೀರಾ ಸಹಿಸಲಾಗದೆ ಮೇಷ್ಟ್ರು, “ಹೊರಗೆ ಗಾಳಿ ಇದ್ಯಾ?” ಎಂದು ಕೇಳಿದರು.

“ಸ್ವಲ್ಪ ಇದೆ,” ಅಂದ ಸಿಕ್ಸ್ಟನ್.

ಅವನಿಗೆ ಹೋದ ಜೀವ ಬಂದ ಹಾಗಾಯಿತು. ಯಾರೂ ಕೇಳುವುದಿಲ್ಲ! ಪಾರಾದೆ! ಬೋರ್ಯೆಯತ್ತ ಕಳ್ಳನೋಟ ಬೀರಿದ. ಬೋರ್ಯೆ ತನ್ನ ಕಾಫಿಯ ಆಳವನ್ನು ಪರೀಕ್ಷಿಸುತ್ತಿದ್ದ.

ಹಿಲ್ಲೆವಿ ಗಡಿಯಾರ ನೋಡಿ ಗಂಟಲು ಸರಿಮಾಡಿಕೊಂಡಳು. ಅವಳ ಪಾಡು ಕಷ್ಟದ್ದೇ. ಹನ್ನೊಂದು ಗಂಟೆಗೆ ಮೌನ ಎಂದು ಮೊದಲೇ ಎಲ್ಲರಿಗೂ ತಿಳಿಸಿಯಾಗಿತ್ತು, ಎಲ್ಲರೂ ಒಪ್ಪಿಯೂ ಆಗಿತ್ತು. ಒಪ್ಪಿದ್ದನ್ನು ಸತ್ತವನು ಬಂದ ಅನ್ನುವ ಒಂದೇ ಕಾರಣಕ್ಕೆ ಬಿಡಲು ಬರುತ್ತದೆಯೇ? “ಹಾಗಾದ್ರೆ, ಎಲ್ಲರಿಗೂ ಸರಿ ಅನ್ನಿಸಿದ್ರೆ, ಒಂದು ನಿಮಿಷ ಎದ್ದು ನಿಂತ್ಕೊಳ್ಳೋಣ... ಅಗಲಿದ... ಅಂದ್ರೆ... ಸಿಕ್ಸ್ಟನ್ನನ ನೆನಪಿಗೆ.”

ಎಲ್ಲರೂ ಎದ್ದರು. ಸಿಕ್ಸ್ಟನ್ನನೂ ಎದ್ದ. ಕೂತೇ ಇದ್ದರೆ ಏನಂದುಕೊಂಡಾರು? ಟೋಪಿ ತೆಗೆದು ಎದೆಗೆ ಹಿಡಿದು, ತಲೆ ಬಾಗಿಸಿ, ತನ್ನ ಮೊಣಕೈಗೆ ಎದುರಾಗಿ ನಿಂತು ತನ್ನ ಆತ್ಮಕ್ಕೆ ಶಾಂತಿ ಕೋರಿದ.

ಆ ಒಂದು ನಿಮಿಷದಲ್ಲೇ ಕೆಲಸ ಕೆಟ್ಟಿತು. ತಲೆ ಬಾಗಿಸಿದವರೆಲ್ಲ ಕಣ್ಣಂಚಿನಿಂದ ಅವನ ಮುಖ ನೋಡುತ್ತಿದ್ದರು. ಎರಡು ವಾರ ಕನಾರಿಯ ಬಿಸಿಲಲ್ಲಿದ್ದು ಬಂದವರು ಹುರಿದ ಸಾಸೇಜಿನ ಬಣ್ಣಕ್ಕಿರುತ್ತಾರೆ. ಸಿಕ್ಸ್ಟನ್ ಸಿಪ್ಪೆ ಸುಲಿದ ಮೂಲಂಗಿಯ ಬಣ್ಣಕ್ಕಿದ್ದ. ನಿಮಿಷ ಮುಗಿಯಿತು, ಎಲ್ಲರೂ ಕೂತರು.

“ಬಿಸಿಲು ಕಡಿಮೆ ಇತ್ತೇನೋ,” ಅಂದಳು ಹಿಲ್ಲೆವಿ, ಯಾರನ್ನೂ ನೋಡದೆ.

ಗಾಬರಿಯಲ್ಲಿ ಸಿಕ್ಸ್ಟನ್ನನ ಕೈಗೆ ಏನಾದರೂ ಕೆಲಸ ಬೇಕಿತ್ತು, ಮೇಲಾಗಿ ಇಷ್ಟು ದಿನ ನೆನೆದ ರೊಟ್ಟಿ ಚೀಪಿದ ಹೊಟ್ಟೆ. ಎದುರಿಗೆ ತಟ್ಟೆ, ತಟ್ಟೆಯಲ್ಲಿ ಒಂದೇ ಒಂದು ಏಲಕ್ಕಿ ಬನ್ನು. ಕೈ ಚಾಚಿ ತೆಗೆದು ಕಚ್ಚಿದ.

ಕೋಣೆಯಲ್ಲಿ ಹಾ ಎಂಬ ಉಸಿರು ಎದ್ದಿತು. ಸತ್ತವನು ಎದ್ದು ಬಂದಾಗಲೂ ಏಳದ ಉಸಿರು! ಕೊನೆಯ ಬನ್ನು! ಕೊನೆಯ ಬನ್ನನ್ನು ಯಾರೂ ಮುಟ್ಟುವುದಿಲ್ಲ. ತೀರಾ ಆಸೆಯಾದರೆ ಅರ್ಧ ಕತ್ತರಿಸುತ್ತಾರೆ, ಆ ಅರ್ಧದಲ್ಲಿ ಇನ್ನೊಬ್ಬರು ಅರ್ಧ, ಹೀಗೆ ಸಂಜೆಯವರೆಗೂ ಕತ್ತರಿಸಿ ಕಡೆಗೆ ಕಾಣದಷ್ಟು ಚೂರನ್ನು ಹಿಲ್ಲೆವಿ ಹಕ್ಕಿಗಳಿಗೆ ಹಾಕುತ್ತಾಳೆ. ಈ ಮನುಷ್ಯ ಇಡಿಯಾಗಿ ತಿನ್ನುತ್ತಿದ್ದಾನೆ!

“ಹೂಂ,” ಅಂದರು ಮೇಷ್ಟ್ರು, ಉಸಿರು ಒಳಕ್ಕೆಳೆದು.

ಅಷ್ಟರಲ್ಲಿ ಬಾಗಿಲು ದಡಾರನೆ ತೆರೆದುಕೊಂಡಿತು. ಕರಿ ಬಟ್ಟೆ ಉಟ್ಟ ಶಹ್ಲಾ, ಒಂದು ಕೈಯಲ್ಲಿ ಸತ್ತವರಿಗೆಂದು ಹಂಚುವ ಕೇಸರಿ ಹಲ್ವದ ತಟ್ಟೆ, ಇನ್ನೊಂದು ಕೈಯಲ್ಲಿ ಬೆಳಗುತ್ತಿದ್ದ ಫೋನು, ಅದರೊಳಗೆ ಇಸ್ಫಹಾನಿನ ಅರ್ಧ ಊರು. ಸಿಕ್ಸ್ಟನ್ನನನ್ನು ಕಂಡವಳೇ ಕಿಟಕಿಯ ಗಾಜು ನಡುಗುವ ಹಾಗೆ ಚೀರಿದಳು. ಹಲ್ವದ ತಟ್ಟೆಯನ್ನು ಮೇಷ್ಟ್ರ ಮಡಿಲಿಗೆ ಎಸೆದು, ಓಡಿ ಬಂದು ಅವನ ಭುಜಕ್ಕೆ ಗುದ್ದಿದಳು, ಕೆನ್ನೆ ಹಿಡಿದಳು, ಮತ್ತೆ ಗುದ್ದಿದಳು.

“ಬದುಕಿದ್ದೀಯಲ್ಲೋ ಪಾಪಿ! ಎಲ್ಲಿ ಹಾಳಾಗಿ ಹೋಗಿದ್ದೆ? ಅತ್ತೂ ಅತ್ತೂ ಕಣ್ಣು ಊದಿಸ್ಕೊಂಡಿದ್ದೀನಿ, ನೋಡಿಲ್ಲಿ! ಹೇಳು, ಎಲ್ಲಿದ್ದೆ?”

ಸಿಕ್ಸ್ಟನ್ ಬನ್ನು ತುಂಬಿದ ಬಾಯಲ್ಲೇ ಸುತ್ತ ನೋಡಿದ. ಎಲ್ಲರ ಕಣ್ಣೂ ನೆಲದ ಮೇಲೆ, ಎಲ್ಲರ ಕಿವಿಯೂ ಇವನ ಮೇಲೆ. ಯಾರೂ ಕೇಳದಿದ್ದರೆ ಸಾಯುವವರೆಗೂ ಸುಳ್ಳನ್ನು ಕಾಪಾಡಿಕೊಳ್ಳುತ್ತಿದ್ದ. ಹೀಗೆ ಭುಜ ಹಿಡಿದು ಮುಖಕ್ಕೆ ಮುಖ ಇಟ್ಟು ಕೇಳಿದವರಿಗೆ ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಕೇಳಿದವರೇ ಇರಲಿಲ್ಲವಲ್ಲ.

“ಮನೇಲೇ ಇದ್ದೆ,” ಅಂದ.

“ಮನೇಲಾ?”

“ಪಾಸ್‌ಪೋರ್ಟು ಹಳೇದಾಗಿತ್ತು. ಹೇಳೋಕೆ ನಾಚಿಕೆ ಆಯ್ತು. ಕಿಟಕಿ ಕೆಳಗೆ ಕೂತಿದ್ದೆ.”

ಹಿಲ್ಲೆವಿ ಬಟ್ಟಲು ಕೆಳಗಿಟ್ಟಳು. “ಮುಳುಗೋದು ಯಾರಿಗಾದ್ರೂ ಆಗೋ ವಿಷಯ,” ಅಂದಳು ಮೆಲ್ಲಗೆ. “ಹೋಗದೆ ಹೋದೆ ಅನ್ನೋದು... ನಾನೇನೂ ಹೇಳ್ತಿಲ್ಲ.”

“ಇವತ್ತು ಬೆಳಿಗ್ಗೆ ಬಾಲ್ಕನೀಲಿ ನೇತಾಡ್ತಿದ್ದ,” ಅಂದ ಬೋರ್ಯೆ.

“ನೋಡಿದ್ಯಾ? ನೋಡಿದ್ರೂ ನಂಗ್ಯಾಕೆ ಹೇಳ್ಲಿಲ್ಲ?” ಶಹ್ಲಾ ಅವನ ಮೇಲೆ ಎಗರಿದಳು.

“ಅದು ಅವನ ಖಾಸಗಿ ವಿಷಯ ಅಂದ್ಕೊಂಡೆ.”

“ನನ್ನ... ನನ್ನ ಗುರುವಾರದ ಸರದಿ?” ಸಿಕ್ಸ್ಟನ್ ಅಳುಕುತ್ತ ಕೇಳಿದ.

ಹಿಲ್ಲೆವಿ ಅವನನ್ನು ಮೊದಲ ಬಾರಿಗೆ ನೇರವಾಗಿ ನೋಡಿದಳು. “ಅದು ಸಭೇಲಿ ತೀರ್ಮಾನ ಆಗಿಹೋಯ್ತಲ್ಲ, ಸಿಕ್ಸ್ಟನ್. ಬೋರ್ಯೆಗೆ ಕೊಟ್ಟಾಯ್ತು. ನಿನಗೆ ಬೇಕೇ ಬೇಕು ಅಂತಿದ್ರೆ ಕಾಯೋರ ಸಾಲಲ್ಲಿ ಕೊನೇಗೆ ನಿಲ್ಬಹುದು. ಅನ್ನಿಸಿದ್ರೆ ಮಾತ್ರ.”

ಒಬ್ಬೊಬ್ಬರಾಗಿ ಎದ್ದರು. ತಮ್ಮ ತಮ್ಮ ಬಟ್ಟಲು ತೊಳೆದಿಟ್ಟು, ಹಿಲ್ಲೆವಿಗೆ ಕಾಫಿ ಚೆನ್ನಾಗಿತ್ತು ಎಂದು ವಂದನೆ ಹೇಳಿ, ಸಿಕ್ಸ್ಟನ್ನನ ಪಕ್ಕದಲ್ಲೇ ಹಾದು, ಅವನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಹೊರಟುಹೋದರು. ಯಾರೂ ‘ಹೇಯ್’ ಅನ್ನಲಿಲ್ಲ. ಮೂಗಿನ ಕೆಳಗೆ ನಿಂತವನಿಗೆ 'ಹೇಯ್' ಕೂಡ ಇಲ್ಲವೆಂದರೆ ಅವನು ನಿಜಕ್ಕೂ ಸತ್ತ ಹಾಗೆಯೇ ಲೆಕ್ಕ. ಕನಾರಿಯಲ್ಲಿ ಮುಳುಗಿದವನು ನಾರ್ವೆಯವನೆಂದೂ, ಮುಳುಗಿರಲಿಲ್ಲ, ಬೇರೆ ಯಾರದೋ ಹೋಟೆಲು ಕೋಣೆಯಲ್ಲಿ ಮಲಗಿದ್ದನೆಂದೂ ಆಮೇಲೆ ಸುದ್ದಿ ಬಂತು. ನಾರ್ವೆಯವನಂತೆ ಎಂದು ಕೇಳಿ ಕಟ್ಟಡದವರು ಸಮಾಧಾನಪಟ್ಟರು.

ಖಾಲಿ ಕೋಣೆಯಲ್ಲಿ ಉಳಿದದ್ದು ಮೇಣದ ಬತ್ತಿ, ಮೊಣಕೈ, ಸಿಕ್ಸ್ಟನ್, ಶಹ್ಲಾ. ಶಹ್ಲಾ ಅವನ ಪಕ್ಕದ ಕುರ್ಚಿಯಲ್ಲೇ, ಒಂದೂ ಬಿಡದೆ, ಧೊಪ್ಪನೆ ಕೂತಳು. ಅವಳ ಸಂತೋಷ ಅರ್ಧ ಇಳಿದು ಈಗ ಅವಳಿಗೂ ತನ್ನದೊಂದು ಮಾನದ ಪ್ರಶ್ನೆ ಎದ್ದಿತ್ತು.

“ನೀನು ಬದುಕಿದ್ದು ಒಳ್ಳೇದೇ ಆಯ್ತು, ದೇವರು ದೊಡ್ಡವ್ನು. ಆದ್ರೆ ನಾನೀಗ ಚಿಕ್ಕಮ್ಮನಿಗೆ ಏನು ಹೇಳ್ಲಿ? ನಿನ್ನ ಸಲುವಾಗಿ ಊಟ ಬಿಟ್ಟಿದ್ದಾಳೆ ಮುದುಕಿ! ಮಸೀದೀಲಿ ಖರ್ಜೂರ ಹಂಚಿಸಿದ್ದಾಳೆ! ಮನೇಲಿ ಕಿಟಕಿ ಕೆಳಗೆ ಕೂತಿದ್ದ ಅಂದ್ರೆ ನನ್ನ ಮರ್ಯಾದೆ ಏನಾಗತ್ತೆ? ತಗೋ, ನೀನೇ ಮಾತಾಡು!”

ಫೋನನ್ನು ಅವನ ಮುಖಕ್ಕೆ ಹಿಡಿದಳು. ಅದರೊಳಗೆ ಒಬ್ಬರ ಹೆಗಲ ಮೇಲೊಬ್ಬರು ಮುಖಗಳು, ನಡುವೆ ಬಿಳಿ ಸೆರಗಿನ ಒಂದು ಮುದುಕಿ. ಎಲ್ಲರೂ ಒಟ್ಟಿಗೆ ಕೇಳುತ್ತಿದ್ದರು, ಶಹ್ಲಾ ಉಸಿರುಬಿಡದೆ ಎರಡೂ ಕಡೆಗೆ ತರ್ಜುಮೆ ಮಾಡುತ್ತಿದ್ದಳು. ಊಟ ಮಾಡಿದ್ಯಾ? ಯಾಕಿಷ್ಟು ಬಿಳುಪಾಗಿದ್ದೀಯ? ಹೆಂಡತಿ ಇಲ್ವಾ, ಯಾಕಿಲ್ಲ? ಅಕ್ಕ ಅಂತ ಒಬ್ಬಳಿದ್ದಾಳಂತೆ, ಮಾತಾಡಿಸಲ್ವಾ? ಜೀವಮಾನದಲ್ಲಿ ಯಾರೂ ಕೇಳದ್ದನ್ನೆಲ್ಲ ಅವರು ಕಾಫಿ ಆರುವುದರೊಳಗೆ ಕೇಳಿ ಮುಗಿಸಿದರು. ಸಿಕ್ಸ್ಟನ್ನನ ಕಣ್ಣಲ್ಲಿ ನೀರು ತುಂಬಿತು, ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ.

ಆಗ ಮುದುಕಿ ಎಲ್ಲರನ್ನೂ ಸುಮ್ಮನಾಗಿಸಿ, ಮುಖವನ್ನು ಪರದೆಯ ಹತ್ತಿರಕ್ಕೆ ತಂದು, ಮೆಲ್ಲಗೆ ಏನನ್ನೋ ಕೇಳಿದಳು.

“ಸಾಯೋ ಹಾಗಾದ್ರೂ ಅಷ್ಟು ದೂರ ಹೋಗಿ ಬಂದ್ಯಲ್ಲ ಮಗನೇ, ಕನಾರಿ ಹೇಗಿತ್ತು ಅಂತಿದ್ದಾಳೆ,” ಅಂದಳು ಶಹ್ಲಾ.

ಸಿಕ್ಸ್ಟನ್ ಹುಲ್ಲಿನ ಟೋಪಿಯನ್ನು ತಲೆಗೆ ಇಟ್ಟುಕೊಂಡು, ಕಾಲು ಚಾಚಿ, ಕುರ್ಚಿಗೆ ಒರಗಿದ.

“ಭಾರಿ ಚೆನ್ನಾಗಿತ್ತು,” ಅಂದ. “ಸಮುದ್ರದ ಎದುರಿಗೇ ರೂಮು.”